ಸಂಪಾದಕರ ಉತ್ತರ: ಮೊಮ್ಮಗಳ ಬಾಯಿ, ತಾತನ ಕಿವಿ

ಈ ಸಲ ಒಂದೇ ಒಂದು ಕಾಗದಕ್ಕೆ ಉತ್ತರ ಬರೀತಿದೀನಿ, ಉಳಿದವರು ಬೇಜಾರು ಮಾಡ್ಕೋಬೇಡಿ. ತಿಪಟೂರು ಕಡೆಯಿಂದ ರಿಟೈರ್ಡ್ ಮೇಷ್ಟ್ರೊಬ್ಬರು ನಾಲ್ಕು ಪುಟ ಬರೆದಿದಾರೆ, ಹೆಸರು ಹಾಕ್ಬೇಡಿ ಅಂದಿದಾರೆ, ಹಾಕಲ್ಲ. ಹಿಂದಿನ ಸಂಚಿಕೇಲಿ ನಾನು ‘ಆನ್ ಆಫ್ ಗ್ರೀನ್ ಗೇಬಲ್ಸ್’ ಕಾದಂಬರೀನ ಹೊಗಳಿದ್ದು ಓದಿ, ಮನೇಲಿರೋ ಏಳನೇ ಕ್ಲಾಸಿನ ಮೊಮ್ಮಗಳಿಗೆ ತರಿಸಿಕೊಟ್ರಂತೆ. ಹುಡುಗಿ ಓದಿ ಮುಗಿಸಿ ಮತ್ತೆ ಮೊದಲಿಂದ ಶುರು ಮಾಡಿದಾಳೆ. ಅಷ್ಟರಲ್ಲಿ ಪಕ್ಕದ ಮನೆಯಾಕೆ ಕೊಬ್ಬರಿ ಕೇಳೋಕೆ ಬಂದವರು “ಏನೇ ಇದು, ಹಿಂಗೆ ಒಣಗೋಗಿದೀಯ, ಬಣ್ಣಾನೂ ಇಲ್ಲ” ಅಂದ್ರಂತೆ, ಅದಕ್ಕೆ ಇವಳು “ನಿಮ್ಮನ್ನ ಯಾರಾದ್ರೂ ಎದುರಿಗೇ ದಪ್ಪ ಅಂದ್ರೆ ಹೆಂಗಾಗುತ್ತೆ ಆಂಟಿ” ಅಂತ ಕೇಳೇಬಿಟ್ಟಿದಾಳೆ. ಮೇಷ್ಟ್ರಿಗೆ ತಲೆ ಎತ್ತೋಕೆ ಆಗಿಲ್ಲ. ಅವರ ಆಕ್ಷೇಪಣೆ ಮೂರು: ಇಂಥ ಕತೆ ಓದಿದ್ರೆ ಹೆಣ್ಮಕ್ಕಳು ಎದುರುತ್ತರ ಕಲೀತಾರೆ, ಅಷ್ಟೆಲ್ಲಾ ಓದಿದ ಆ ನಾಯಕಿ ಆನ್ ಕೊನೆಗೆ ಸ್ಕಾಲರ್‌ಶಿಪ್ ಬಿಟ್ಟು ಊರಲ್ಲೇ ಉಳ್ಕೋತಾಳೆ, ಅದೇನು ಆದರ್ಶ, ಮತ್ತೆ ಎಲ್ಲಿಯದೋ ಕೆನಡಾ ಕತೆ ನಮ್ಮ ಮಕ್ಕಳಿಗ್ಯಾಕೆ.

ಮೇಷ್ಟ್ರೇ, ಮೂರನೇದರಲ್ಲಿ ನಿಮ್ಮ ಕಡೆ ಸ್ವಲ್ಪ ನ್ಯಾಯ ಇದೆ, ಅದನ್ನ ಒಪ್ಕೊಂಡು ಮುಂದೆ ಹೋಗ್ತೀನಿ. ನಮ್ಮವೇ ಪುಸ್ತಕ ಮೊದಲು ಕೊಡ್ಬೇಕು, ಸರಿ. ಆ ಕಾದಂಬರೀಲಿ ಕೂಲಿಗೆ ಬರೋ ಫ್ರೆಂಚ್ ಹುಡುಗರ ಬಗ್ಗೆ ಹಗುರವಾದ ಮಾತುಗಳಿವೆ, ಅದೂ ಸರಿ, ದೊಡ್ಡವರು ಪಕ್ಕದಲ್ಲಿ ಕೂತು ಹೇಳ್ಬೇಕು. ಆದ್ರೆ ನಮ್ಮದು ಯಾವುದು ಕೊಡ್ತೀರಿ ಹೇಳಿ. 1899ರಲ್ಲೇ ಗುಲ್ವಾಡಿ ವೆಂಕಟರಾಯರು ‘ಇಂದಿರಾಬಾಯಿ’ ಬರೆದ್ರು, ಕನ್ನಡದ ಮೊದಲ ಸಾಮಾಜಿಕ ಕಾದಂಬರಿ ಅಂತಾರೆ, ಅದರ ನಾಯಕಿ ವಿಧವೆ, ಓದಿ ಮರುಮದುವೆ ಆಗ್ತಾಳೆ. ಎಂ. ಕೆ. ಇಂದಿರಾ ಅವರ ‘ಫಣಿಯಮ್ಮ’ 1976ರದ್ದು, ಅಲ್ಲೂ ನಾಯಕಿ ಇನ್ನೂ ಮಗು ಆಗಿದ್ದಾಗ್ಲೇ ವೈಧವ್ಯ. ಎರಡೂ ನನಗೆ ಪ್ರಾಣ. ಆದ್ರೆ ಹನ್ನೊಂದು ವರ್ಷದ ಹುಡುಗಿ ಬರೀ ಹನ್ನೊಂದು ವರ್ಷದ ಹುಡುಗಿ ಆಗಿ, ಮರ ಹತ್ತಿ ಬಿದ್ದು ಗೆಳತಿ ಜೊತೆ ಜಗಳ ಆಡಿ ಗಣಿತದ ಮೇಲೆ ಸಿಟ್ಟು ಮಾಡ್ಕೊಂಡು ಇರೋ ದಪ್ಪ ಕಾದಂಬರಿ ನಮ್ಮಲ್ಲಿ ಎಷ್ಟಿವೆ? ನಮ್ಮ ಕತೆಗಳಲ್ಲಿ ಆ ವಯಸ್ಸಿನ ಹೆಣ್ಣುಮಗು ಬಂತು ಅಂದ್ರೆ ಹಿಂದೇನೆ ಮದುವೆ ಬರುತ್ತೆ, ಇಲ್ಲಾ ಸಾವು ಬರುತ್ತೆ. ಅದಕ್ಕೇ ಕೆನಡಾಕ್ಕೆ ಹೋಗ್ಬೇಕಾಯ್ತು.

ಕತೆ ಗೊತ್ತಿಲ್ದೋರಿಗೆ ಚಿಕ್ಕದಾಗಿ ಹೇಳ್ಬಿಡ್ತೀನಿ. ಪ್ರಿನ್ಸ್ ಎಡ್ವರ್ಡ್ ಐಲ್ಯಾಂಡ್ ಅನ್ನೋ ದ್ವೀಪದ ಅವೊನ್ಲಿ ಎಂಬ ಹಳ್ಳಿ, ಅಲ್ಲಿ ಮದುವೆ ಆಗ್ದೇ ಉಳಿದ ಅಣ್ಣ ತಂಗಿ, ಮ್ಯಾಥ್ಯೂ ಮತ್ತು ಮರಿಲ್ಲಾ. ಅಣ್ಣನಿಗೆ ಅರವತ್ತು, ಹಾರ್ಟ್ ಸರಿ ಇಲ್ಲ, ತೋಟದ ಕೆಲಸಕ್ಕೆ ಆಗ್ಲಿ ಅಂತ ಅನಾಥಾಶ್ರಮದಿಂದ ಗಂಡು ಹುಡುಗನ್ನ ಕಳಿಸಿ ಅಂತ ಹೇಳಿಕಳಿಸ್ತಾರೆ, ಏನೋ ಗೊಂದಲ ಆಗಿ ಸ್ಟೇಷನ್‌ನಲ್ಲಿ ಬಂದು ಕೂತಿರೋದು ಕೆಂಪು ಕೂದಲಿನ ಹುಡುಗಿ, ಬಾಯಿ ಮುಚ್ಚದ ಹುಡುಗಿ. ‘ಗಂಡು ಬೇಕಿತ್ತು, ಹೆಣ್ಣು ಬಂತು’ ಅನ್ನೋ ವಾಕ್ಯ ನಮ್ಮ ತುಮಕೂರು ಜಿಲ್ಲೇಲಿ ಯಾರಿಗಾದ್ರೂ ಅರ್ಥ ಮಾಡಿಸ್ಬೇಕಾ ಸಾರ್? ಆಸ್ಪತ್ರೆ ವರಾಂಡದಲ್ಲಿ “ಮತ್ತೆ ಹೆಣ್ಣಾ” ಅಂತ ಕೇಳಿಸ್ಕೊಂಡೋರಿಗೆ ಈ ಕತೆ ಕೆನಡಾದ್ದು ಅನ್ಸೋದೇ ಇಲ್ಲ. (ನಡುವೆ ಒಂದು ಮಾತು, ಈಗಿನ ನಮ್ಮ ಕಾನೂನಲ್ಲಿ ಒಂಟಿ ಗಂಡಸು ಅನಾಥಾಶ್ರಮದಿಂದ ಹೆಣ್ಣುಮಗು ದತ್ತು ತಗೊಳ್ಳೋ ಹಾಗಿಲ್ಲ, ಅಪ್ಲಿಕೇಶನ್ ಮರಿಲ್ಲಾನೇ ಹಾಕ್ಬೇಕಾಗಿತ್ತು.)

ಈಗ ನಿಮ್ಮ ಮೊದಲನೇ ಆಕ್ಷೇಪಣೆಗೆ ಬರ್ತೀನಿ, ನನಗೆ ಹೇಳ್ಬೇಕಿರೋದು ಅಲ್ಲೇ ಇರೋದು. ನೀವು ಆ ಪುಸ್ತಕ ಓದ್ವಾಗ ಮೊಮ್ಮಗಳ ಬಾಯಿ ನೋಡ್ತಾ ಕೂತಿದೀರಿ. ಒಂದ್ಸಲ ಮ್ಯಾಥ್ಯೂನ ನೋಡ್ಕೊಂಡು ಓದಿ. ನಾನು ಎಷ್ಟೋ ಕಡೆ ಹೇಳಿದೀನಿ, ಅದು ಹೆಣ್ಮಕ್ಕಳ ಪುಸ್ತಕ ಅಂತ ಎಲ್ರೂ ತಿಳ್ಕೊಂಡಿದಾರೆ, ನನ್ನ ಪ್ರಕಾರ ಅದು ಅಪ್ಪಂದಿರು ತಾತಂದಿರು ಓದ್ಬೇಕಾದ ಪುಸ್ತಕ. ಮ್ಯಾಥ್ಯೂ ಹೆಂಗಸರನ್ನ ಕಂಡ್ರೆ ನಡುಗೋ ಮನುಷ್ಯ, ತಂಗೀನೂ ಪಕ್ಕದ ರೇಚಲ್ ಲಿಂಡ್‌ನೂ ಬಿಟ್ರೆ ಯಾರ ಹತ್ರಾನೂ ಮಾತಿಲ್ಲ. ಅಂಥೋನು ಸ್ಟೇಷನ್‌ನಿಂದ ಮನೆವರೆಗೂ ಗಾಡೀಲಿ ಈ ಹುಡುಗಿಯ ವಟವಟ ಕೇಳಿಸ್ಕೊಂಡು ಬರ್ತಾನೆ, ಬಂದ್ಮೇಲೆ ತನಗೇ ಆಶ್ಚರ್ಯ, ಚೆನ್ನಾಗೇ ಇತ್ತಲ್ಲ ಅಂತ. ಮನೆಗೆ ಬಂದ್ರೆ ಮರಿಲ್ಲಾ ಕೇಳ್ತಾಳೆ, ಇವಳಿಂದ ನಮಗೇನು ಉಪಯೋಗ. ನಮ್ಮಿಂದ ಅವಳಿಗೆ ಏನಾದ್ರೂ ಉಪಯೋಗ ಆಗ್ಬೋದಲ್ಲ ಅಂತಾನೆ ಅವನು. ಇಡೀ ಕಾದಂಬರಿ ಆ ಉತ್ತರದ ಮೇಲೆ ನಿಂತಿದೆ ಕಣ್ರೀ, ಕೆಂಪು ಕೂದಲಿನ ಮೇಲೆ ಅಲ್ಲ.

ನಿಮ್ಮ ಮೊಮ್ಮಗಳು ಪಕ್ಕದ ಮನೆಯಾಕೆಗೆ ಅಂದಿದ್ದು ಎಲ್ಲಿಂದ ಬಂತು ಅಂತ ನಿಮಗೆ ಗೊತ್ತು, ರೇಚಲ್ ಲಿಂಡ್ ಬಂದು ಆನ್‌ನ ನೋಡಿ ಒಣಕಲು, ಕುರೂಪಿ, ಕ್ಯಾರೆಟ್ ಬಣ್ಣದ ಕೂದಲು ಅಂದಾಗ ಆ ಮಗು ಕಾಲು ಅಪ್ಪಳಿಸಿ ಕಿರುಚುತ್ತೆ. ಆದ್ರೆ ಆಮೇಲಿನದು ಜ್ಞಾಪಕ ಇದೆಯಾ? ಕ್ಷಮೆ ಕೇಳೋವರೆಗೂ ರೂಮಲ್ಲೇ ಇರು ಅಂತ ಮರಿಲ್ಲಾ ಕಟ್ಟುನಿಟ್ಟು ಮಾಡ್ತಾಳೆ, ಹುಡುಗಿ ಜಗ್ಗಲ್ಲ. ನಾಲ್ಕು ವರ್ಷದಿಂದ ಮಹಡಿ ಹತ್ತದ ಮ್ಯಾಥ್ಯೂ, ತಂಗಿಗೆ ಗೊತ್ತಾಗ್ದಂಗೆ ಕಳ್ಳಹೆಜ್ಜೆ ಹಾಕ್ಕೊಂಡು ಮೇಲೆ ಹೋಗಿ, ನೀನಿಲ್ದೆ ಕೆಳಗೆ ಬಿಕೋ ಅಂತಿದೆ ಕಣಮ್ಮ, ಹೆಂಗೋ ಮುಗಿಸ್ಬಿಡು ಅಂತ ಪಿಸುಗುಟ್ಟಿ ಬರ್ತಾನೆ. ಅವನಿಗೋಸ್ಕರ ಅವಳು ಹೋಗಿ ಮಂಡಿಯೂರಿ ನಾಟಕದ ಡೈಲಾಗ್ ತರ ಕ್ಷಮೆ ಕೇಳ್ತಾಳೆ, ಕೇಳ್ತಾ ಕೇಳ್ತಾ ಅದನ್ನೇ ಎಂಜಾಯ್ ಮಾಡ್ತಾಳೆ, ಮರಿಲ್ಲಾಗೆ ಒಳಗೊಳಗೇ ನಗು. ನಿಮ್ಮ ಮನೇಲಿ ಆ ದಿನ ಏನಾಯ್ತು? ಕಾಗದದಲ್ಲಿ ನೀವೇ ಬರೆದಿದೀರಿ, “ಗದರಿಸಿ ಒಳಗೆ ಕಳಿಸಿದೆ” ಅಂತ. ಪಕ್ಕದ ಮನೆಯಾಕೆಗೆ ಒಂದು ಮಾತು ಅಂದ್ರಾ? ಮಗುವಿನ ಬಣ್ಣದ ಬಗ್ಗೆ ಮನೆ ಬಾಗಿಲಿಗೆ ಬಂದು ಆಡಿದ್ರಲ್ಲ ಅವರು ದೊಡ್ಡವರು, ಅವರಿಗೆ ಮರ್ಯಾದೆ, ಉತ್ತರ ಕೊಟ್ಟೋಳಿಗೆ ಬೈಗುಳ. ಹಂಗೆ ಕೇಳ್ಬಾರ್ದಿತ್ತು, ದಪ್ಪ ಅನ್ನೋದೂ ಅಷ್ಟೇ ತಪ್ಪು, ನೀವು ತಿದ್ದಿದ್ದು ಸರಿ. ಆದ್ರೆ ತಿದ್ದಿದ್ದು ಒಬ್ಬರನ್ನ ಮಾತ್ರ.

ಇನ್ನೊಂದು ಭಾಗ ನೀವು ಬಿಟ್ಟೇಬಿಟ್ಟಿದೀರಿ, ಉಬ್ಬುತೋಳಿನ ಫ್ರಾಕ್. ಎಲ್ಲಾ ಹುಡುಗೀರ ಮಧ್ಯೆ ಆನ್ ಮಾತ್ರ ಯಾಕೋ ಬೇರೆ ಕಾಣ್ತಾಳಲ್ಲ ಅಂತ ಪೈಪ್ ಸೇದ್ತಾ ಯೋಚಿಸಿ ಯೋಚಿಸಿ ಮ್ಯಾಥ್ಯೂಗೆ ಹೊಳೆಯುತ್ತೆ, ಮರಿಲ್ಲಾ ಹೊಲಿಸೋದೆಲ್ಲ ಬಿಗಿತೋಳಿನ ಸಾದಾ ಬಟ್ಟೆ. ಬಟ್ಟೆ ತರೋಕೆ ಅಂಗಡಿಗೆ ಹೋಗ್ತಾನೆ, ಕೌಂಟರಲ್ಲಿ ಹೆಂಗಸು ನಿಂತಿರೋದು ನೋಡಿ ಬಾಯಿ ಕಟ್ಟಿ, ಚಳಿಗಾಲದಲ್ಲಿ ಹುಲ್ಲು ಬಾಚೋ ರೇಕು ಒಂದು, 20 ಪೌಂಡ್ ಕಂದು ಸಕ್ಕರೆ, ಅಂದ್ರೆ ಒಂಬತ್ತು ಕೆ.ಜಿ., ತಗೊಂಡು ವಾಪಸ್ ಬರ್ತಾನೆ. ಆಮೇಲೆ ರೇಚಲ್ ಲಿಂಡ್‌ಗೇ ಹೇಳಿ ಹೊಲಿಸ್ತಾನೆ. ಚಿಕ್ಕಪೇಟೆ ಅಂಗಡೀಲಿ ಮಗಳ ಜೊತೆ ಬಂದು, ಬಿಲ್ ಕೊಡೋಕಷ್ಟೇ ಬಾಯಿ ಬಿಟ್ಟು ಹೊರಗೆ ಸ್ಕೂಟರ್ ಹತ್ರ ಕಾಯೋ ಅಪ್ಪಂದಿರನ್ನ ಕಂಡಾಗೆಲ್ಲ ನನಗೆ ಆ ಸಕ್ಕರೆ ಮೂಟೆ ನೆನಪಾಗುತ್ತೆ. ಪ್ರೀತಿ ಇದೆ, ಇಲ್ಲ ಅಂತಲ್ಲ, ಕೇಳೋಕೆ ಬರಲ್ಲ.

ಮಧುಗಿರಿ ಕಡೆ ಒಂದು ಸ್ಕೂಲಿಗೆ ಕತೆ ಹೇಳೋಕೆ ಹೋಗಿದ್ದೆ. ಕ್ಲಾಸಲ್ಲಿ ಜಾಸ್ತಿ ಮಾತಾಡೋರು ಯಾರು ಅಂದೆ. ಇಬ್ಬರನ್ನ ತೋರಿಸಿದ್ರು, ಒಬ್ಬ ಹುಡುಗ, ಒಬ್ಬಳು ಹುಡುಗಿ. ಹುಡುಗನ ಬಗ್ಗೆ ಅಲ್ಲಿನ ದೊಡ್ಡವರು, ಅವನು ಮುಂದೆ ಲಾಯರ್ರು ಸಾರ್, ನಮ್ಮ ಫಂಕ್ಷನ್‌ಗೆಲ್ಲ ಮೈಕ್ ಅವನ ಕೈಗೇ ಕೊಡೋದು ಅಂದ್ರು. ಹುಡುಗಿ ಎದ್ದಳು, ಅಷ್ಟರಲ್ಲಿ, ಅವಳ್ನ ಮಾತಾಡಿಸ್ಬೇಡಿ, ಶುರು ಮಾಡಿದ್ರೆ ನಿಲ್ಸಲ್ಲ, ಗಂಡನ ಮನೇಲಿ ಹೆಂಗೆ ಬಾಳ್ತಾಳೋ ಅಂದ್ರು. ಆರನೇ ಕ್ಲಾಸು ಸಾರ್ ಅದು! ನಾನು ಹಠ ಹಿಡಿದು ಅವಳ ಹತ್ರಾನೇ ಕತೆ ಹೇಳಿಸ್ದೆ, ಕೆರೆ ಕೋಡಿ ಬಿದ್ದಿದ್ದು ನೋಡೋಕೆ ಹೋಗಿ ಒಂದು ಚಪ್ಪಲಿ ಕಳ್ಕೊಂಡು, ಅದನ್ನ ಮನೇಲಿ ಗೊತ್ತಾಗ್ದಂಗೆ ಹೆಂಗೆ ಮುಚ್ಚಿಟ್ಳು ಅಂತ, ಇಡೀ ಕ್ಲಾಸು ಬಿದ್ದು ಬಿದ್ದು ನಕ್ಕಿತು. ನಾನು ಹೇಳ್ಬೇಕು ಅಂತ ತಯಾರಿ ಮಾಡ್ಕೊಂಡು ಹೋಗಿದ್ದ ಕತೆ ಬ್ಯಾಗಲ್ಲೇ ಉಳೀತು. ಮಾತು ಬೆಳ್ಳಿ, ಮೌನ ಬಂಗಾರ ಅಂತಾರೆ, ಆ ಬಂಗಾರ ಎಲ್ಲಾ ಹೆಣ್ಮಕ್ಕಳ ಕೊರಳಿಗೇ ಯಾಕೆ ಹಾಕ್ತಾರೆ ಅಂತ ಯಾರೂ ಹೇಳಲ್ಲ.

ಸ್ಕಾಲರ್‌ಶಿಪ್ ವಿಷಯ. ವರ್ಷಕ್ಕೆ 250 ಡಾಲರ್, ನಾಲ್ಕು ವರ್ಷ, ಅದನ್ನ ಬಿಟ್ಟಳು, ನಿಜ. ಓದ್ದಾಗ ನನಗೂ ಸಿಟ್ಟು ಬಂದಿತ್ತು. ಆದ್ರೆ ಬಿಟ್ಟಿದ್ದು ಯಾವ ಹೊತ್ತಲ್ಲಿ ಅಂತ ನೋಡಿ. ದುಡ್ಡಿಟ್ಟಿದ್ದ ಬ್ಯಾಂಕ್ ಮುಳುಗಿದೆ, ಆ ಸುದ್ದಿ ಪೇಪರಲ್ಲಿ ಓದ್ತಿದ್ದಂಗೇ ಮ್ಯಾಥ್ಯೂ ಕುಸಿದು ಸತ್ತಿದಾನೆ, ಮರಿಲ್ಲಾಗೆ ಕಣ್ಣು ಹೋಗೋ ಹಾಗಿದೆ, ಮನೆ ಮಾರ್ಬೇಕು ಅಂತಿದಾಳೆ. ಯಾರೂ ಇವಳಿಗೆ ಬಿಡು ಅನ್ನಲ್ಲ, ಮರಿಲ್ಲಾ ಬೇಡವೇ ಬೇಡ ಅಂತಾಳೆ. ಇವಳೇ ಲೆಕ್ಕ ಹಾಕಿ, ಟೀಚರ್ ಕೆಲಸ ಹಿಡಿದು, ಕಾಲೇಜಿನ ಪಾಠ ಮನೇಲೇ ಓದ್ತೀನಿ ಅಂತ ತೀರ್ಮಾನ ಮಾಡ್ತಾಳೆ. ಹಿಂದೆ ಅವಳ ಕೈಲಿ ತಲೆ ಮೇಲೆ ಸ್ಲೇಟು ಒಡೆಸ್ಕೊಂಡಿದ್ದ ಕ್ಲಾಸ್‌ಮೇಟ್ ಗಿಲ್ಬರ್ಟ್, ತನಗೆ ಬಂದಿದ್ದ ಊರಿನ ಸ್ಕೂಲಿನ ಕೆಲಸ ಅವಳಿಗೆ ಬಿಟ್ಟುಕೊಟ್ಟು ತಾನು ಬೇರೆ ಊರಿಗೆ ಹೋಗ್ತಾನೆ, ಅದನ್ನೂ ಮರೀಬೇಡಿ, ತ್ಯಾಗ ಒಬ್ಬಳದ್ದೇ ಅಲ್ಲ. ನಮ್ಮಲ್ಲಿ ಎಸ್ಸೆಸ್ಸೆಲ್ಸಿ ಆದ್ಮೇಲೆ ‘ಪಿಯು ಕಾಲೇಜು ದೂರ, ಬಸ್ ಇಲ್ಲ’ ಅಂತ ಕೂರಿಸ್ತಾರಲ್ಲ ಹೆಣ್ಮಕ್ಕಳನ್ನ, ಅವರನ್ನ ಯಾರು ಕೇಳಿ ತೀರ್ಮಾನ ಮಾಡಿದ್ರು? ಅದರ ಬಗ್ಗೆ ಇಂಥದ್ದೇ ನಾಲ್ಕು ಪುಟದ ಕಾಗದ ನನ್ನ ಟೇಬಲ್‌ಗೆ ಬಂದ್ರೆ ನಾನು ಫ್ರೇಮ್ ಹಾಕಿಸ್ತೀನಿ.

ಬರೆದಾಕೆ ಕತೇನೂ ಅಷ್ಟೇ. ಎಲ್. ಎಂ. ಮಾಂಟ್‌ಗೊಮೆರಿ, 1874ರಲ್ಲಿ ಹುಟ್ಟಿದೋರು, ಎರಡು ವರ್ಷ ತುಂಬೋ ಮುಂಚೆ ತಾಯಿ ಹೋದ್ರು, ಅಪ್ಪ ದೂರದೂರಿಗೆ ಹೋಗಿ ನೆಲೆಸಿದ, ಬೆಳೆಸಿದ್ದು ತಾಯಿ ಕಡೆ ಅಜ್ಜ ಅಜ್ಜಿ. ಅಜ್ಜ ಸತ್ತಾಗ ಬೇರೆ ಊರಲ್ಲಿ ಟೀಚರ್ ಆಗಿದ್ದಾಕೆ ಕೆಲಸ ಬಿಟ್ಟು ಅಜ್ಜಿ ಜೊತೆ ಇರೋಕೆ ಬಂದ್ರು. ಊರಿನ ಪೋಸ್ಟಾಫೀಸು ಅವರ ಮನೇಲೇ, ಅದಕ್ಕೇ ಕಳಿಸಿದ ಕತೆ ವಾಪಸ್ ಬಂದ್ರೂ ಊರಿಗೆ ಗೊತ್ತಾಗ್ತಿರಲಿಲ್ಲ! ಈ ಕಾದಂಬರೀನ ಟೈಪ್ ಮಾಡಿದ್ದು ಒಂದು ಅಕ್ಷರ ಮೂಡ್ದೇ ಇರೋ ಸೆಕೆಂಡ್ ಹ್ಯಾಂಡ್ ಮೆಷಿನ್‌ನಲ್ಲಿ. ಪ್ರಕಾಶಕರು ಒಬ್ಬರಾದ್ಮೇಲೆ ಒಬ್ಬರು ಬೇಡ ಅಂದಾಗ ಹಸ್ತಪ್ರತೀನ ಟೋಪಿ ಡಬ್ಬಿಗೆ ಹಾಕಿಟ್ಟು, ಎಷ್ಟೋ ಕಾಲ ಆದ್ಮೇಲೆ ತೆಗೆದು ಮತ್ತೆ ಕಳಿಸಿದ್ರು, 1908ರಲ್ಲಿ ಬಾಸ್ಟನ್‌ನಲ್ಲಿ ಅಚ್ಚಾಯ್ತು, ಐದು ತಿಂಗಳಲ್ಲಿ 19,000ಕ್ಕೂ ಮೇಲೆ ಪ್ರತಿ ಖರ್ಚಾಯ್ತು. ಜಪಾನಿನ ಹನಾಕೊ ಮುರಾಓಕಾ ಅನ್ನೋ ತಾಯಿ, ಇಂಗ್ಲಿಷ್ ಅಂದ್ರೆ ಶತ್ರುಗಳ ಭಾಷೆ ಅಂತಿದ್ದ ಯುದ್ಧದ ಕಾಲದಲ್ಲಿ ಗುಟ್ಟಾಗಿ ಕೂತು ಅನುವಾದ ಮಾಡಿದ್ರು, 1952ರಲ್ಲಿ ಹೊರಗೆ ಬಂತು, ಇವತ್ತಿಗೂ ಜಪಾನಿನವರು ಆ ದ್ವೀಪಕ್ಕೆ ಯಾತ್ರೆ ಹೋದಂಗೆ ಹೋಗ್ತಾರೆ. ಅವರ್ಯಾರೂ ಕೆನಡಾ ಕತೆ ನಮಗ್ಯಾಕೆ ಅನ್ನಲಿಲ್ಲ.

ನೀವು ಮೊಮ್ಮಗಳಿಗೆ ಪೂರ್ತಿ ಪುಸ್ತಕ ಕೊಡಿಸಿದೀರಿ, 38 ಅಧ್ಯಾಯದ್ದು, ಅದಕ್ಕೆ ನಿಮಗೊಂದು ದೊಡ್ಡ ನಮಸ್ಕಾರ. ಮಕ್ಕಳಿಗಾಗಿ ಅಂತ ನೂರು ಪುಟಕ್ಕೆ ಇಳಿಸಿ ಮಾರೋ ಪುಸ್ತಕ ನೋಡಿದೀನಿ, ಮೊದಲು ಕತ್ತರಿಸೋದೇ ಆನ್‌ಳ ಮಾತನ್ನ, ಒಬ್ಬಟ್ಟಿಂದ ಹೂರಣ ತೆಗೆದು ಬರೀ ಕಣಕ ಬೇಯಿಸಿದಂಗೆ. ಇನ್ನು ಲೈಬ್ರರಿಗಳ ಕತೆ ಎತ್ತಿದ್ರೆ ಈ ಪುಟ ಸಾಲಲ್ಲ. 1965ರ ಕಾಯ್ದೆ ಪ್ರಕಾರ ನಮ್ಮ ಆಸ್ತಿ ತೆರಿಗೆ ಜೊತೆ ಶೇ 6 ಗ್ರಂಥಾಲಯ ಕರ ಕಟ್ತಾನೇ ಬಂದಿದೀವಿ, ಎಷ್ಟು ಜನಕ್ಕೆ ಗೊತ್ತು? ಸ್ಕೂಲುಗಳಲ್ಲಿ ಪುಸ್ತಕ ಬೀರು ಒಳಗೆ, ಬೀಗದ ಕೈ ಯಾರದೋ ಹತ್ರ, ಅವರು ರಜೆ ಮೇಲೆ. ಕೇಳಿದ್ರೆ ಮಕ್ಕಳು ಹರೀತಾರೆ ಅಂತಾರೆ. ಹರೀಲಿ ಬಿಡ್ರೀ, ಗೆದ್ದಲು ತಿನ್ನೋದಕ್ಕಿಂತ ವಾಸಿ. ನಿಮ್ಮ ಸರ್ವಿಸ್‌ನಲ್ಲಿ ಆ ಬೀಗದ ಕೈ ಎಲ್ಲಿತ್ತು ಅಂತ ನಾನು ಕೇಳಲ್ಲ ಮೇಷ್ಟ್ರೇ.

ಕೊನೇ ಸಾಲಲ್ಲಿ, ಮೊಮ್ಮಗಳು ಮುಂದಿನ ಭಾಗ ಬೇಕು ಅಂತಿದಾಳೆ, ಕೊಡಿಸ್ಲಾ ಬೇಡ್ವಾ ಅಂತ ಕೇಳಿದೀರಿ. ಕೊಡಿಸಿ. ‘ಆನ್ ಆಫ್ ಅವೊನ್ಲಿ’, 1909ರದ್ದು. ಅದರಲ್ಲಿ ಇವಳೇ ಊರಿನ ಸ್ಕೂಲಿಗೆ ಟೀಚರ್, ಮಕ್ಕಳಿಗೆ ಹೊಡೆಯೋದೇ ಇಲ್ಲ ಅಂತ ಎಲ್ರ ಎದುರಿಗೆ ವಾದ ಮಾಡಿ, ಒಂದಿನ ತಡ್ಕೊಳ್ಳಕ್ಕಾಗ್ದೆ ಒಬ್ಬ ಹುಡುಗನಿಗೆ ಬಾರಿಸಿ, ಆಮೇಲೆ ನಾಚಿಕೇಲಿ ಒದ್ದಾಡ್ತಾಳೆ. ಅದನ್ನ ಮೊಮ್ಮಗಳಿಗಿಂತ ಮುಂಚೆ ನೀವು ಓದಿ ಮುಗಿಸ್ತೀರಿ, ಬೇಕಾದ್ರೆ ಬೆಟ್ ಕಟ್ತೀನಿ. ಮುಂದಿನ ಕಾಗದ ಮಾತ್ರ ಅವಳ ಕೈಲಿ ಬರೆಸಿ, ಎಷ್ಟು ಪುಟ ಆದ್ರೂ ಹಾಕ್ತೀವಿ.

— ಸಂ.