ಉದ್ಯಮಿಗಳಿಗೆ ಪಕ್ಷದ ಬಾಗಿಲು ತೆರೆದದ್ದು

ಕಾರ್ಖಾನೆ ಮಾಲೀಕರೂ ಸದಸ್ಯರಾಗಬಹುದಾದರೆ ಚೀನಾದ್ದು ಕಮ್ಯುನಿಸ್ಟ್ ಪಕ್ಷ ಹೇಗಾಗುತ್ತೆ ಅಂತ ಕೇಳಿದ್ದೀರಿ. ಈ ಪ್ರಶ್ನೆ ಪಕ್ಷವನ್ನೂ ಕಾಡಿತ್ತು. ಖಾಸಗಿ ಉದ್ಯಮಿಗಳನ್ನು ಸೇರಿಸಿಕೊಳ್ಳಬಾರದು ಅಂತ 1989ರಲ್ಲಿ ಅದೇ ಹೇಳಿತ್ತು. 2001ರ ಜುಲೈ 1ರಂದು ಆಗಿನ ಪಕ್ಷದ ಮುಖ್ಯಸ್ಥ ಜಿಯಾಂಗ್ ಜೆಮಿನ್ ತಮ್ಮ ಭಾಷಣದಲ್ಲಿ ಅವರಿಗೆ ಬಾಗಿಲು ತೆರೆದರು. ಮರುವರ್ಷ ಅವರ ‘ಮೂರು ಪ್ರಾತಿನಿಧ್ಯ’ ಸೂತ್ರ ಪಕ್ಷದ ಸಂವಿಧಾನ ಸೇರಿತು. ಅದರ ಪ್ರಕಾರ ಪಕ್ಷ ಬರೀ ಕಾರ್ಮಿಕರದ್ದಲ್ಲ, ಮುಂದುವರಿದ ಉತ್ಪಾದನಾ ಶಕ್ತಿಗಳದ್ದೂ (ಅಂದ್ರೆ ಉದ್ಯಮ, ತಂತ್ರಜ್ಞಾನ ಬೆಳೆಸುವವರದ್ದೂ) ಹೌದು.

ಇದು ಸುಮ್ನೆ ಒಂದೇ ದಿನದಲ್ಲಿ ಆಗಿದ್ದಲ್ಲ. ಮಾವೋ ಕಾಲದಲ್ಲಿ ವರ್ಗ ಹೋರಾಟವೇ ಎಲ್ಲ. 1978ರಲ್ಲಿ ಅದನ್ನು ಬದಿಗಿಟ್ಟು ಆರ್ಥಿಕತೆಯನ್ನು ಮುಂದೆ ತಂದರು. ಪಕ್ಷದ 1981ರ ನಿರ್ಣಯ, ಮಾವೋ 1966ರಲ್ಲಿ ಶುರು ಮಾಡಿದ್ದ ಸಾಂಸ್ಕೃತಿಕ ಕ್ರಾಂತಿ ಎಂಬ ಹಿಂಸಾತ್ಮಕ ಆಂದೋಲನವನ್ನು ತಪ್ಪು ಎಂದಿತು, ಆದರೆ ಮಾವೋರನ್ನು ಕೈಬಿಡಲಿಲ್ಲ. ನನಗೆ ಎಲ್ಲಕ್ಕಿಂತ ಜಾಣತನದ್ದು ಅನಿಸುವುದು ಪಕ್ಷದ 1987ರ ವಾದ: ನಾವಿನ್ನೂ ಸಮಾಜವಾದದ ‘ಆರಂಭಿಕ ಹಂತ’ದಲ್ಲಿದ್ದೇವೆ, ಇದು ಮುಗಿಯಲು ಕಡೇಪಕ್ಷ 100 ವರ್ಷ ಬೇಕು. ಅಲ್ಲಿಯವರೆಗೆ ಮಾರುಕಟ್ಟೆ ಇರಲಿ! ಮಾರ್ಕ್ಸ್‌ನನ್ನು ಬಿಟ್ಟಂತೆಯೂ ಆಗಲಿಲ್ಲ, ಲಾಭ ನಿಂತಂತೆಯೂ ಆಗಲಿಲ್ಲ, ಅಲ್ವಾ?

ಒಂದನ್ನು ಮಾತ್ರ ಯಾರೂ ಸಡಿಲ ಮಾಡಲಿಲ್ಲ. ಅದು ಪಕ್ಷದ ಹಿಡಿತ. ಷಿ ಜಿನ್‌ಪಿಂಗ್ ಕಾಲದಲ್ಲಿ, 2018ರಲ್ಲಿ, ಪಕ್ಷದ ನಾಯಕತ್ವವನ್ನು ದೇಶದ ಸಂವಿಧಾನದ 1ನೇ ವಿಧಿಯಲ್ಲೇ ಬರೆದರು.