ಮಗ ತಂಗಿಯನ್ನು ದಿನಾ ‘ಡುಮ್ಮಿ’ ಅಂತ ಕರೀತಾನೆ, ಮಕ್ಕಳಾಟ ಅಂತ ಬಿಟ್ಟುಬಿಡಬೇಕಾ?

ಹನ್ನೊಂದು ವರ್ಷದ ಮಗ, ಏಳು ವರ್ಷದ ಮಗಳು. ಬೈದರೂ ಒಂದೇಟು ಕೊಟ್ಟರೂ ಅವನು ಬಿಡಲ್ಲ, ಮನೆಯಲ್ಲಿ ಅಜ್ಜಿ ‘ಮಕ್ಕಳಾಟ, ಬಿಡು’ ಅಂತಾರೆ ಎಂದು ಬರೆದಿದ್ದೀರಿ. ನಾನು ಮಕ್ಕಳ ವಿಷಯದಲ್ಲಿ ತಜ್ಞೆ ಅಲ್ಲ. ಆದರೆ ಹನ್ನೊಂದನೇ ವಯಸ್ಸಿನಲ್ಲಿ ನಿಮ್ಮ ಮಗ ಮಾಡುತ್ತಿರುವುದನ್ನೇ ನಾನೂ ಮಾಡಿದ್ದೆ. ನನ್ನ ತಮ್ಮನಿಗೂ ಆಗ ಏಳೇ ವರ್ಷ.

ನಮ್ಮದು ತಿಪಟೂರು. ಅಪ್ಪ ಕೊಬ್ಬರಿ ಮಂಡಿಯಲ್ಲಿ ಲೆಕ್ಕ ಬರೆಯುತ್ತಿದ್ದರು. ಹೋಗಿಬರಲು ಒಂದು ಹಳೇ ಲೂನಾ ಇತ್ತು. ದಿನಾ ಬೆಳಿಗ್ಗೆ ಅದನ್ನು ಸ್ಟ್ಯಾಂಡ್ ಮೇಲೆ ನಿಲ್ಲಿಸಿ ಪೆಡಲ್ ತುಳಿಯಬೇಕು. ಡುರ್, ಡುರ್, ಡುರ್ ಅಂತ ಕೆಮ್ಮಿ ಕೆಮ್ಮಿ, ಯಾವಾಗಲೋ ಒಮ್ಮೆ ಸ್ಟಾರ್ಟ್ ಆಗುತ್ತಿತ್ತು. ನನ್ನ ತಮ್ಮನಿಗೆ ಉಗ್ಗು. ‘ಕ’ ಅಕ್ಷರ ಬಂತೆಂದರೆ ಕಣ್ಣು ಮುಚ್ಚಿ, ಕುತ್ತಿಗೆ ನರ ಉಬ್ಬಿಸಿಕೊಂಡು, ಅಲ್ಲೇ ಸಿಕ್ಕಿಕೊಳ್ಳುತ್ತಿದ್ದ. 1994ರಲ್ಲಿ ಒಂದು ದಿನ ಅವನು ಹಾಗೆ ಸಿಕ್ಕಿಕೊಂಡಾಗ ನಾನು, ‘ಅಪ್ಪಾ, ನಮ್ಮನೇಲಿ ಎರಡು ಲೂನಾ’ ಅಂದೆ.

ಅಪ್ಪ ನಕ್ಕುಬಿಟ್ಟರು. ಕೆಟ್ಟವರಲ್ಲ ಅವರು, ಸುಮ್ನೆ ನಗು ಬಂತು, ನಕ್ಕರು. ಆದರೆ ನನಗೆ ಅಷ್ಟು ಸಾಕಾಯಿತು. ಸಂಜೆ ಬೀದಿಯಲ್ಲಿ ಲಗೋರಿ ಆಡುವಾಗ ಎಲ್ಲರ ಮುಂದೆ ‘ಏ ಲೂನಾ, ಬಾರೋ’ ಅಂತ ಕೂಗಿದೆ. ವಾರದೊಳಗೆ ಆ ಹೆಸರು ಅವನ ಕ್ಲಾಸಿಗೆ ಹೋಯಿತು. ಹಾಜರಿ ಕರೆಯುವಾಗ ಇವನ ಹೆಸರು ಬಂದರೆ ಹಿಂದಿನ ಬೆಂಚಿನಿಂದ ‘ಡುರ್ ಡುರ್’ ಶಬ್ದ ಬರುತ್ತಿತ್ತಂತೆ. ಇದು ನನಗೆ ಗೊತ್ತಾಗಿದ್ದು ಬಹಳ ವರ್ಷಗಳ ಮೇಲೆ.

ಅದೇ ವರ್ಷ ಪರೀಕ್ಷೆಯಲ್ಲಿ ‘ಮಾತು ಆಡಿದರೆ ಹೋಯ್ತು, ಮುತ್ತು ಒಡೆದರೆ ಹೋಯ್ತು’ ಗಾದೆಯನ್ನು ವಿಸ್ತರಿಸಿ ಬರೆದು ಪೂರ್ತಿ ಅಂಕ ತಗೊಂಡಿದ್ದೆ ನಾನು! ಬುದ್ಧಿವಾದ ಹೇಳಿದರೆ ಮಕ್ಕಳು ಕಲಿಯುತ್ತಾರೆ ಅನ್ನುವವರಿಗೆ ಆ ಉತ್ತರಪತ್ರಿಕೆ ತೋರಿಸಬೇಕು ಅನಿಸುತ್ತದೆ.

ಅಮ್ಮನಿಗೆ ಗೊತ್ತಾದ ದಿನ ಲಟ್ಟಣಿಗೆಯಲ್ಲಿ ಬಿತ್ತು. ಅದರಿಂದ ಕಲಿತದ್ದು ಇಷ್ಟೇ, ಅಮ್ಮ ಇಲ್ಲದಾಗ ಕರೆಯಬೇಕು ಅಂತ. ನೀವು ಹೊಡೆದರೂ ಬಿಡಲ್ಲ ಅಂದಿರಲ್ಲ, ಅದಕ್ಕೆ ಈ ಮಾತು.

ಇನ್ನೊಂದು ಹೇಳಲೇಬೇಕು. ಯುಗಾದಿಗೆ ಆಂಬೊಡೆ ಮಾಡಲು ಅಮ್ಮ ಅವನನ್ನು ಅಂಗಡಿಗೆ ಕಳಿಸಿ ಅರ್ಧ ಕೆಜಿ ಕಡ್ಲೆಬೇಳೆ ತಾ ಅಂದರು. ಅವನು ಹೆಸರುಬೇಳೆ ತಂದ. ‘ಲೂನಾಗೆ ಪೆಟ್ರೋಲೂ ಇಲ್ಲ, ತಲೇನೂ ಇಲ್ಲ’ ಅಂತ ನಾನು ಕುಣಿದೆ. ಅವನು ಏನೂ ಹೇಳಲಿಲ್ಲ. ಪೊಟ್ಟಣ ಅಡುಗೆಕಟ್ಟೆ ಮೇಲಿಟ್ಟು ಹಿತ್ತಿಲಿಗೆ ಹೋದ. ಅದೇ ಹೊತ್ತಿಗೆ ನನ್ನನ್ನು ‘ಅಕ್ಕ’ ಅನ್ನುವುದನ್ನೂ ನಿಲ್ಲಿಸಿ ‘ಲೇ’ ಅನ್ನತೊಡಗಿದ್ದ. ದೊಡ್ಡವಳಿಗೆ ಮರ್ಯಾದೆ ಕೊಡಲ್ಲ ಅಂತ ಅಜ್ಜಿ ಕೈಯಲ್ಲಿ ಅದಕ್ಕೂ ಏಟು ತಿಂದ.

ಅಜ್ಜಿಯ ಔಷಧಿ ಬಜೆ. ಜೇನಿನಲ್ಲಿ ತೇದು ದಿನಾ ಬೆಳಿಗ್ಗೆ ಅವನ ನಾಲಿಗೆಗೆ ಸವರುತ್ತಿದ್ದರು. ಅದರಿಂದೇನೂ ಆಗಲಿಲ್ಲ. ಮರುವರ್ಷ ಯಾರೋ ಹೇಳಿದರು ಅಂತ ಅಮ್ಮ ನಮ್ಮಿಬ್ಬರನ್ನೂ ಬಸ್ಸು ಹತ್ತಿಸಿ ಮೈಸೂರಿಗೆ ಕರೆದುಕೊಂಡು ಹೋದರು. ಮಾನಸಗಂಗೋತ್ರಿಯಲ್ಲಿ ವಾಕ್ ಶ್ರವಣ ಸಂಸ್ಥೆ ಇದೆಯಲ್ಲ, ಅಲ್ಲಿಗೆ. ಒಬ್ಬ ಮೇಡಂ ಬಹಳ ಹೊತ್ತು ಮಾತಾಡಿಸಿದರು. ಅವನು ಬೇರೆಲ್ಲಾ ಕಡೆ ಉಗ್ಗುತ್ತಾನೆ, ಕ್ಲಾಸಿನಲ್ಲಿ ಎಲ್ಲರ ಜೊತೆ ಮಗ್ಗಿ ಹೇಳುವಾಗ ಮಾತ್ರ ಉಗ್ಗಲ್ಲ, ನಾಟಕ ಮಾಡ್ತಾನೆ ಅಂತ ನಾನೇ ಚಾಡಿ ಹೇಳಿದೆ. ಅವರು ನಗಲಿಲ್ಲ. ಗುಂಪಿನ ಜೊತೆ ಹೇಳುವಾಗ, ಹಾಡುವಾಗ ಉಗ್ಗು ಇರುವವರಿಗೂ ಮಾತು ಸಲೀಸಾಗಿ ಬರುತ್ತದೆ, ಅದು ನಾಟಕ ಅಲ್ಲ ಅಂದರು. ಇವನು ‘ಕ’ ಬರುವ ಮಾತುಗಳನ್ನೇ ತಪ್ಪಿಸಿಕೊಂಡು ಓಡಾಡುತ್ತಿದ್ದಾನೆ, ಹೇಳಲು ಬರುವ ಬೇರೆ ಮಾತು ಹುಡುಕಿಕೊಳ್ಳುತ್ತಾನೆ ಅಂತಲೂ ಹೇಳಿದರು.

ಕಡ್ಲೆಬೇಳೆ. ಅಕ್ಕ. ನನಗೆ ಅಲ್ಲೇ ಕೂತಲ್ಲೇ ಹೊಳೆಯಿತು.

ಆಮೇಲೆ ಮೇಡಂ ಅವನನ್ನು ಕೇಳಿದರು, ‘ಮನೇಲಿ ಯಾರಾದರೂ ಅಣಕಿಸ್ತಾರಾ ಪುಟ್ಟಾ?’ ನಾನು ನೆಲ ನೋಡುತ್ತಾ ಕೂತೆ. ಅವನು ಅಮ್ಮನ ಸೆರಗು ಬೆರಳಿಗೆ ಸುತ್ತಿಕೊಳ್ಳುತ್ತಾ, ‘ಇ... ಇಲ್ಲ’ ಅಂದ. ಲಟ್ಟಣಿಗೆ ಏಟು ನನಗೆ ಮರೆತೇ ಹೋಗಿದೆ. ಈ ‘ಇಲ್ಲ’ ಮರೆತಿಲ್ಲ.

ನನ್ನಿಂದ ಅವನಿಗೆ ಉಗ್ಗು ಬಂತು ಅಂತ ಅಲ್ಲ. ಉಗ್ಗು ಸಾಮಾನ್ಯವಾಗಿ ಎರಡರಿಂದ ಐದು ವರ್ಷದೊಳಗೆ ಶುರುವಾಗುತ್ತದೆ, ಬಹಳಷ್ಟು ಮಕ್ಕಳಿಗೆ ತಾನಾಗಿಯೇ ಹೋಗುತ್ತದೆ. ದೊಡ್ಡವರಲ್ಲಿ ನೂರಕ್ಕೆ ಸುಮಾರು ಒಬ್ಬರಿಗೆ ಉಳಿಯುತ್ತದೆ, ಅದರಲ್ಲೂ ಗಂಡಸರೇ ಜಾಸ್ತಿ. ಅಣಕಿಸುವುದರಿಂದ ಅದು ಹುಟ್ಟಲ್ಲ. ಆದರೆ ಬಾಯಿ ಬಿಡಲು ಹೆದರುವುದನ್ನು ಕಲಿಸಿದ್ದು ಮಾತ್ರ ನಾವೇ, ನಾನು ಮತ್ತು ನನ್ನಿಂದ ಹೆಸರು ಕಲಿತವರು.

ಮನೆಯಲ್ಲಿ ಏನು ಮಾಡಬೇಕು ಅಂತ ಮೇಡಂ ಹೇಳಿದ್ದು ಬಹಳ ಸರಳ. ಅವನ ಮಾತನ್ನು ನೀವು ಮುಗಿಸಬೇಡಿ, ‘ನಿಧಾನ, ನಿಧಾನ’ ಅನ್ನಬೇಡಿ, ನೀವೇ ನಿಧಾನವಾಗಿ ಮಾತಾಡಿ, ಅವನು ಮುಗಿಸುವವರೆಗೆ ಕಾಯಿರಿ. ಕಾಯುವುದು ನನಗೆ ಸುಲಭವಾಗಿರಲಿಲ್ಲ, ಆದರೂ ಕಲಿತೆ.

ಊರಿಗೆ ಬಂದ ಮೇಲೆ ಅಮ್ಮ ನನಗೆ ಒಂದು ಕೆಲಸ ಕೊಟ್ಟರು. ನೀನು ಹರಡಿದ ಹೆಸರನ್ನು ನೀನೇ ಹೋಗಿ ವಾಪಸ್ ತಗೊಂಡು ಬಾ, ಅಷ್ಟೇ. ಬೀದಿಯ ಮೂರು ಹುಡುಗರ ಮನೆಗೆ ಹೋಗಿ ‘ಅವನನ್ನು ಹಾಗೆ ಕರೀಬೇಡ್ರೋ’ ಅಂತ ಕೇಳಿಕೊಂಡೆ. ಒಬ್ಬ ಸರಿ ಅಂದ, ಇಬ್ಬರು ನಕ್ಕರು. ಅವತ್ತು ಅಳುತ್ತಾ ಮನೆಗೆ ಬಂದೆ. ಹತ್ತು ವರ್ಷ ಕಳೆದ ಮೇಲೂ ಬಸ್ ಸ್ಟ್ಯಾಂಡಿನಲ್ಲಿ ಯಾರೋ ‘ಏ ಲೂನಾ!’ ಅಂತ ಕೂಗಿದರು. ಪ್ರೀತಿಯಿಂದಲೇ, ಹಳೇ ಗೆಳೆಯ. ನನ್ನ ತಮ್ಮ ತಿರುಗಿ ಕೈ ಎತ್ತಿದ. ಆ ಹೊತ್ತಿಗೆ ಮನೆಯಲ್ಲಿ ನಿಜವಾದ ಲೂನಾ ಇರಲಿಲ್ಲ.

ಹಾಗಾಗಿ ನಿಮ್ಮ ಪ್ರಶ್ನೆಗೆ, ಬಿಡಬೇಡಿ. ಆದರೆ ಹೊಡೆಯುವುದು ನಿಲ್ಲಿಸಿ. ಮೊದಲು ‘ಡುಮ್ಮಿ’ ಅಂತ ಆ ಮಗುವನ್ನು ಕರೆದಿದ್ದು ಯಾರು ಅಂತ ನೆನಪು ಮಾಡಿಕೊಳ್ಳಿ. ನಮ್ಮ ಮನೆಗಳಲ್ಲಿ ಕುಳ್ಳ, ಕರಿಯ, ಕಡ್ಡಿ, ಡುಮ್ಮಿ ಎಲ್ಲ ದೊಡ್ಡವರೇ ಮುದ್ದಿಗೆ ಇಟ್ಟ ಹೆಸರುಗಳು, ಅಲ್ವಾ? ಅಜ್ಜಿಯೇ ಇಟ್ಟಿದ್ದರೆ ಅಜ್ಜಿಯೇ ಮೊದಲು ನಿಲ್ಲಿಸಬೇಕು. ಮಗಳು ಈಗ ತಟ್ಟೆಯಲ್ಲಿ ಅನ್ನ ಬಿಡುತ್ತಿದ್ದಾಳಾ, ಶಾಲೆಯ ಡ್ಯಾನ್ಸಿಗೆ ಬರಲ್ಲ ಅಂತಾಳಾ, ಅದನ್ನೂ ಸ್ವಲ್ಪ ಗಮನಿಸಿ. ಬಾಯಿಬಿಟ್ಟು ಹೇಳಲ್ಲ ಅವಳು, ನನ್ನ ತಮ್ಮನೂ ಹೇಳಲಿಲ್ಲ.

ಮಗನನ್ನು ತಂಗಿಯ ಮುಂದೆ ಬೈಯಬೇಡಿ. ಒಬ್ಬನೇ ಸಿಕ್ಕಾಗ ಪಕ್ಕದಲ್ಲಿ ಕೂರಿಸಿಕೊಂಡು ಒಂದೇ ಪ್ರಶ್ನೆ ಕೇಳಿ: ‘ಈ ಹೆಸರು ನಿನ್ನ ಸ್ಕೂಲ್ ವ್ಯಾನಿನಲ್ಲಿ ಯಾರ್ಯಾರಿಗೆ ಗೊತ್ತು?’ ಎಣಿಸಿ ಹೇಳುತ್ತಾನೆ, ಅವನಿಗೆ ಚೆನ್ನಾಗಿ ಗೊತ್ತಿರುತ್ತದೆ.