ಗದ್ದೆಯ ನೀರಿನ ಕೀಟನಾಶಕ ಪತ್ತೆಗೆ ಕಿಣ್ವ ಪರೀಕ್ಷೆ ಸಾಕೇ?

ಮಲೇಬೆನ್ನೂರು ಭಾಗದ ಭತ್ತದ ಗದ್ದೆಗಳಿಂದ ಬಸಿಯುವ ನೀರಿಗೆ ಅಸಿಟೈಲ್‌ಕೋಲಿನೆಸ್ಟರೇಸ್ (ನರಗಳ ಕೆಲಸಕ್ಕೆ ಬೇಕಾದ ಕಿಣ್ವ) ಪರೀಕ್ಷೆ ಸಾಕೇ ಎಂದು ಕೇಳಿದ್ದೀರಿ. ಮೊದಲ ಸುತ್ತಿಗೆ ಒಳ್ಳೆಯ ಆಯ್ಕೆ. 1961ರ ಎಲ್‌ಮನ್ ವಿಧಾನದಲ್ಲಿ ಕಿಣ್ವ ಚುರುಕಾಗಿದ್ದರೆ ದ್ರಾವಣ ಹಳದಿಗೆ ತಿರುಗುತ್ತದೆ; ಕಿಣ್ವವನ್ನು ತಡೆಯುವ ಆರ್ಗನೋಫಾಸ್ಫೇಟ್ ಅಥವಾ ಕಾರ್ಬಮೇಟ್ ಗುಂಪಿನ ಕೀಟನಾಶಕ ಇದ್ದರೆ ಹಳದಿ ಮಂಕಾಗುತ್ತದೆ.

ತೊಡಕಿರುವುದು ಕ್ಲೋರ್‌ಪೈರಿಫಾಸ್‌ನಂಥ ಕೀಟನಾಶಕಗಳಲ್ಲಿ. ಅದು ಇದ್ದ ರೂಪದಲ್ಲೇ ಕಿಣ್ವವನ್ನು ಅಷ್ಟಾಗಿ ತಡೆಯುವುದಿಲ್ಲ. ದೇಹದೊಳಗೆ ಉತ್ಕರ್ಷಣೆಗೊಂಡು ಆಕ್ಸಾನ್ ಎಂಬ ರೂಪಕ್ಕೆ ಬದಲಾದ ಮೇಲೆ ವಿಷದ ಬಲ ಬರುತ್ತದೆ. ಹಾಗಾಗಿ ಮಾದರಿಯನ್ನು ಮೊದಲು ಬ್ರೋಮಿನ್ ನೀರಿನಿಂದ ಉತ್ಕರ್ಷಿಸಿ, ಮಿಕ್ಕ ಬ್ರೋಮಿನ್ ತೆಗೆದು ಪರೀಕ್ಷಿಸಿ. ದಯವಿಟ್ಟು ಈ ಹಂತ ಬಿಡಬೇಡಿ. ವಿಷವಿಲ್ಲದಿದ್ದರೂ ಬಂದ ಸುಳ್ಳು ಎಚ್ಚರಿಕೆ, ಮುಂದೆ ರಾಸಾಯನಿಕವನ್ನು ಖಚಿತವಾಗಿ ಗುರುತಿಸುವ ಮಾಸ್ ಸ್ಪೆಕ್ಟ್ರೋಮೀಟರ್‌ನಲ್ಲಿ ಬಯಲಾಗುತ್ತದೆ. ಆದರೆ ‘ಶುದ್ಧ’ ಎಂದು ಪಾಸಾದ ವಿಷದ ನೀರನ್ನು ಮತ್ತೆ ಯಾರೂ ನೋಡುವುದಿಲ್ಲ.

ಪ್ರತಿ ಸರದಿಯಲ್ಲೂ ಶುದ್ಧ ನೀರು, ಗೊತ್ತಾದ ಪ್ರಮಾಣದ ಕೀಟನಾಶಕ ಬೆರೆಸಿದ ನೀರು ಎರಡನ್ನೂ ಜೊತೆಗಿಡಿ. ಇಮಿಡಾಕ್ಲೋಪ್ರಿಡ್‌ನಂಥ, ಈ ಕಿಣ್ವವನ್ನು ತಡೆಯದ ಕೀಟನಾಶಕಗಳಿಗೆ ಬೇರೆಯೇ ಪರೀಕ್ಷೆ ಬೇಕು.